ತೋಳ ಬರಲಿಲ್ಲ

ಬ್ರೊನೆಕ್,
ನಿನ್ನೆ ನೋಡಿಬಂದೆ. ನಮ್ಮ ಪಿಕ್ಚರನ್ನೇ ಮತ್ತೆ ತೆಗೆದಿದ್ದಾರಲ್ಲ, ಅದನ್ನು.
ಕೆಳಮನೆಯ ಹುಡುಗ ಇಗ್ನಾತ್ಸಿ ಟಿಕೆಟು ತೆಗೆಸಿಕೊಟ್ಟ,
ಬುಧವಾರ ಮುದುಕಿಯರಿಗೆ ಅರ್ಧ ದರವಂತೆ.
ಅಮ್ಮ ನೂಲುತ್ತಿದ್ದ ಹತ್ತಿಗಿರಣಿ ಇತ್ತಲ್ಲ,
ಅದರ ಹೊಟ್ಟೆಯೊಳಗೇ ಈಗ ಹನ್ನೆರಡು ಪರದೆ.
ಜೋಳದರಳಿನ ವಾಸನೆ
ಆಗಿನ ಯಂತ್ರದೆಣ್ಣೆಯ ಘಾಟಿಗಿಂತ ಜೋರು.

ಪೋಸ್ಟರು ವುಜ್ ಊರಿಡೀ ಕೂಗಿತ್ತು: ತೋಳ ಬಂತು ತೋಳ!
ನಾನು ಕೋಲು ಹಿಡಿದು ಓಡಿದೆ. ನಿಜದ ಕೋಲೇ,
ಮಂಡಿಚಿಪ್ಪು ಬದಲಾಯಿಸಿದ ಮೇಲೆ ಆಸ್ಪತ್ರೆಯವರು ಕೊಟ್ಟದ್ದು.

ಮೊದಲ ಒಂದು ಗಂಟೆ
ನಾಯಕ ವೈದ್ಯೆಯೆದುರು ಕೂತು ಅಪ್ಪನ ಬಗ್ಗೆ ಮಾತಾಡಿದ.
ಒಳಗಿನ ತೋಳ ಅಂದರೆ ಅಪ್ಪನ ಸಿಟ್ಟಂತೆ.
ಇರಲಿ, ಯಾರಪ್ಪನಿಗೆ ಸಿಟ್ಟಿಲ್ಲ?
ನಮ್ಮಪ್ಪ ಬೂಟು ಎಸೆಯುತ್ತಿದ್ದ; ಹುಣ್ಣಿಮೆಗೆ ಕಾಯುತ್ತಿರಲಿಲ್ಲ.

ಆಮೇಲೆ ಚಂದ್ರ ಬಂದ, ಪರಾತದಷ್ಟು ಅಗಲ.
ಹುಡುಗ ಬೆನ್ನು ಬಾಗಿಸಿದ.
ನಾನು ಕನ್ನಡಕ ಒರೆಸಿಕೊಂಡೆ,
ಬೆರಳುಗಳು ತಾವೇ ಸೂಜಿ ಹುಡುಕಿದವು.
ಮೂರೇ ಸೆಕೆಂಡು. ನೀರಿಗೆ ಸಕ್ಕರೆ ಹಾಕಿದ ಹಾಗೆ
ಮನುಷ್ಯ ಕರಗಿದ, ತೋಳ ಆಯಿತು.
ನೋವಿಲ್ಲ. ಹೊಲಿಗೆಯಿಲ್ಲ.
ಹಿಮದ ಮೇಲೆ ಓಡಿತು, ಬಾಯಗಲಿಸಿ ಊಳಿಟ್ಟಿತು,
ಬಾಯಿಂದ ಹಬೆಯೇ ಬರಲಿಲ್ಲ ಬ್ರೊನೆಕ್!
ಅಂಥ ಚಳಿಯಲ್ಲಿ ಅದಕ್ಕೆ ಉಸಿರೇ ಇಲ್ಲ.
ಹಿಂದಿನ ಸಾಲಲ್ಲಿ ಯಾರೋ ಆಕಳಿಸಿದರು. ತಿರುಗಿ ನೋಡಿದೆ:
ಆ ಕತ್ತಲಲ್ಲಿ ಕಂಡ ಒಂದೇ ನಿಜವಾದ ಬಾಯಿ.

ಸತ್ತವರಿಗೆ ನೆನಪಿರುತ್ತದೋ ಇಲ್ಲವೋ, ಹೇಳುತ್ತೇನೆ ಕೇಳು.
ಎಂಬತ್ತೆರಡರ ಫೆಬ್ರವರಿ. ಬೀದಿಬೀದಿಗೆ ಸೈನಿಕರು,
ರಾತ್ರಿ ಹೊರಗೆ ಕಾಲಿಡಲು
ತೋಳಕ್ಕೂ ಬೇಕಿತ್ತು ಮೊಹರು ಒತ್ತಿದ ಚೀಟಿ.
ಸಕ್ಕರೆಗೆ ಕೂಪನ್ನು, ಮಾಂಸಕ್ಕೆ ಕೂಪನ್ನು,
ಅಂಟಂತೂ ಎಲ್ಲೂ ಇಲ್ಲ.
ಕಟುಕನ ಹೆಂಡತಿಗೆ ಎರಡು ಜೊತೆ ಕಾಲುಚೀಲ ಕೊಟ್ಟು
ಮೂರು ಮೂಟೆ ಮೇಕೆಗೂದಲು ತಂದೆ,
ತೊಳೆದೆ, ಬಾಚಿದೆ, ಬಣ್ಣಕ್ಕೆ ಅಕ್ರೋಟಿನ ಸಿಪ್ಪೆ ಕುದಿಸಿದೆ.
ಒಂದು ಚುಚ್ಚು, ಒಂದು ಕೂದಲು.
ಒಂದು ಚುಚ್ಚು, ಒಂದು ಕೂದಲು.
ನಿನ್ನ ಎಡಗೆನ್ನೆಗೇ ಒಂಬತ್ತು ರಾತ್ರಿ.

ಬೆಳಗಿನ ಜಾವ ನಾಲ್ಕಕ್ಕೆ ಬಂದು ಕೂರುತ್ತಿದ್ದೆ,
ಮಧ್ಯಾಹ್ನಕ್ಕೆ ಮೃಗ.
ಬೀಟ್‌ರೂಟ್ ಸಾರು ಹೀರಲು ಕೊಳವೆ; ಮೂಗು ತುರಿಸಿದರೆ
ನಾನೇ ಹೆಣಿಗೆಕಡ್ಡಿ ತೂರಿಸಿ ಕೆರೆಯಬೇಕು.
"ಲುದ್ಕಾ, ಮೆಲ್ಲಗೆ" ಅನ್ನುತ್ತಿದ್ದೆ ರಬ್ಬರು ಹಲ್ಲಿನ ಸಂದಿಯಿಂದ.
ಅದೇ ಗಂಟಲಲ್ಲಿ ಕಾಡಂಚಿಗೆ ನಿಂತು ಊಳಿಟ್ಟೆ,
ಹಳ್ಳಿಯ ನಾಯಿಗಳು ಓಗೊಟ್ಟವು.
ಅವನ್ನು ಯಾರೂ ಕರೆದಿರಲಿಲ್ಲ, ಕೂಲಿಯನ್ನೂ ಕೊಡಲಿಲ್ಲ.

ಆ ಪಿಕ್ಚರೂ ಮಹಾ ಏನಲ್ಲ, ಒಪ್ಪುತ್ತೇನೆ.
ಕೊನೆಯಲ್ಲಿ ನಿನ್ನ ಬೆನ್ನಿನ ಜಿಪ್ಪು ಕಾಣುತ್ತದೆ.
ಜನ ನಕ್ಕರು. ನಕ್ಕವರೇ ಮನೆಗೆ ಹೋಗುವಾಗ
ಗೋಡೆಗೆ ಅಂಟಿಕೊಂಡು ನಡೆದರು,
ಗಸ್ತಿನವರಿಗೆ ಹೆದರಿಯೋ ನಿನಗೆ ಹೆದರಿಯೋ, ಅವರೇ ಬಲ್ಲರು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.
ನಿನ್ನೆ ಹೊರಬರುವಾಗ ಎಲ್ಲರ ಕೈಯಲ್ಲೂ ಒಂದೊಂದಿತ್ತು:
ಕತೆ ಸಪ್ಪೆ, ಮಾತು ಜಾಸ್ತಿ, ದುಡ್ಡು ದಂಡ.
"ನಿಮ್ಮದೇನಜ್ಜಿ?" ಅಂದ ಇಗ್ನಾತ್ಸಿ.
ಎತ್ತಿದ ಕಲ್ಲನ್ನು ಕೆಳಗಿಟ್ಟೆ.
ಕೊನೆಗೆ ಓಡುವ ಹೆಸರುಗಳ ಸಾಲಿನಲ್ಲಿ
ಕೂದಲಿನದೇ ಒಂದು ವಿಭಾಗ, ನಲವತ್ತೊಂದು ಜನ.
ಅವರಲ್ಲಿ ಯಾವಳೋ ಒಬ್ಬಳು
ಹೊಳೆಯುವ ಗಾಜಿನೆದುರು ಒಂಬತ್ತು ರಾತ್ರಿ
ಕಣ್ಣು ಕೆಂಪು ಮಾಡಿಕೊಂಡಿರುತ್ತಾಳೆ
ಒಂದು ಎಡಗೆನ್ನೆಗಾಗಿ.
ಪಾಪ, ಅವಳಿಗೆ ಕೆರೆಯಲು ಯಾರ ಮೂಗೂ ಇರಲಿಲ್ಲ.

ಮನೆಗೆ ಬಂದು ಕನ್ನಡಿ ನೋಡಿದೆ.
ಗದ್ದದ ಮೇಲೊಂದು ಬಿಳಿ ಕೂದಲು,
ಒರಟು, ಮೇಕೆಯದರ ಹಾಗೇ. ಯಾರೂ ಚುಚ್ಚಿದ್ದಲ್ಲ.
ಚಿಮುಟ ಎತ್ತಿಕೊಂಡು ಹತ್ತಿರ ಬಾಗಿದೆ.
ಉಸಿರಿಗೆ ಗಾಜು ಮಂಜಾಯಿತು,
ಕೂದಲು ಕಾಣಲಿಲ್ಲ.
ಇವತ್ತಿಗೆ ಇರಲಿ ಅಂದೆ.