ಸುಂಕದ ಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಬೇಡ.
ಈ ಗಾದೆ ಕಟ್ಟಿದವರು
ಕಿಟಕಿಯ ಈಚೆ ಕೂತು ನೋಡಿದವರಲ್ಲ.

ಇಲ್ಲಿ ಹೇಳಲೇಬೇಕು. ಕಾನೂನೇ ಹಾಗಿದೆ.
ವಯಸ್ಸು ಹೇಳಿ, ಸಾಕ್ಷಿ ತನ್ನಿ.
ಗಂಡ ತೀರಿಕೊಂಡಿದ್ದರೆ ತಾರೀಕು, ಅಸಲು ಪ್ರತಿ.
ಯುದ್ಧದಲ್ಲಿ ಕಳಕೊಂಡದ್ದು ಕಾಲೋ ನಿದ್ದೆಯೋ,
ಎಷ್ಟು ಪರ್ಸೆಂಟು? ಕಾಗದ ಬೇಕು.

ಟೆಕ್ಸಸ್ಸಿನ ಬೋಮಾಂಟ್, ಆಸ್ತಿ ತೆರಿಗೆಯ ಕಚೇರಿ,
ಮೂರನೇ ಕಿಟಕಿ.
ರಿಫೈನರಿಯ ಕೊಳೆತ ಮೊಟ್ಟೆ ವಾಸನೆ
ಎಸಿಯೊಳಗೂ ನುಸುಳುವ ಏಪ್ರಿಲ್.
ಏಳು ವರ್ಷದಿಂದ ಇಲ್ಲಿ ನಾನು ಸುಂಕದವಳು.

ಬೆಳಿಗ್ಗೆ ಮೊದಲು ಬಂದವನು
ಐದೆಕರೆಯ ಮೂಲೆಯಲ್ಲಿ ಆರು ಪೆಟ್ಟಿಗೆ ಜೇನು ಇಟ್ಟು
ತಾನೀಗ ರೈತ ಅನ್ನುತ್ತಾನೆ.
ಪುರಾವೆ ಕೇಳಿದರೆ ಊದಿದ ಕೆನ್ನೆ ತೋರಿಸಿದ.
ಇನ್ನೊಬ್ಬನಿಗೆ ಎರಡು ಮನೆ, ಎರಡೂ ವಾಸದ ಮನೆಯಂತೆ.
"ರಾತ್ರಿ ಮಲಗುವುದೆಲ್ಲಿ?" ಎಂದೆ.
ಅವನ ಹಿಂದೆ ನಿಂತವಳು ಕಿಸಕ್ಕನೆ ನಕ್ಕಳು.
ಅವನು ಫಾರಂ ಮಡಚಿ ಜೇಬಿಗಿಟ್ಟು ಹೋದ.

ನಕ್ಕವಳ ಹೆಸರು ಅರ್ಲೀನ್ ಟಿಬೊಡೋ.
ಟೋಕನ್ ಅರವತ್ತು.
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು,
ಬಾಯಿಗೆ ರಬ್ಬರ್ ಬ್ಯಾಂಡು.
ಗಂಡ ವೆಂಡೆಲ್, ಅರವತ್ತೆಂಟು,
ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವನು.
ಅವನಿಗೆ ಅರವತ್ತೈದಾದ ವರ್ಷ
ಮನೆಯ ಶಾಲೆ-ತೆರಿಗೆಗೆ ಬೀಗ ಬಿತ್ತು.
ಊರೆಲ್ಲ ಏರಿದರೂ ಅದು ಏರುವಂತಿಲ್ಲ.
ಅವನ ನಂತರ ಬೀಗದ ಕೈ ಹೆಂಡತಿಗೆ,
ಅವನು ಹೋದ ದಿನ ಅವಳಿಗೆ
ಐವತ್ತೈದು ತುಂಬಿದ್ದರೆ.

ತಾರೀಕು ಹಾಕಿದೆ. ಚೌಕ ಕೆಂಪಾಯಿತು.
ನಾನೇ ತಪ್ಪಿರಲಿ ಅಂತ
ಮತ್ತೊಮ್ಮೆ ಹಾಕಿದೆ. ಕೆಂಪು.
ಹನ್ನೊಂದು ದಿನ ಕಮ್ಮಿ.

ನಮ್ಮ ಕಡೆ ಹನ್ನೊಂದು ದಿನಕ್ಕೆ
ಹೋದವರಿಗೆ ಎಡೆ ಇಟ್ಟು
ಇದ್ದವರು ಊಟಕ್ಕೆ ಕೂರುತ್ತಾರೆ.
ಅದನ್ನವಳಿಗೆ ಹೇಳಲಿಲ್ಲ.
"ಹನ್ನೊಂದು ದಿನ, ಮೇಡಂ," ಎಂದೆ ಅಷ್ಟೆ.

ಕೌಂಟರಿಗೆ ದಾರ ಕಟ್ಟಿದ ಪೆನ್ನನ್ನು
ಅವಳು ನೋಡುತ್ತಲೇ ಇದ್ದಳು.
"ಆಸ್ಪತ್ರೆಯಲ್ಲೂ ಹೀಗೇ ಕಟ್ಟಿದ್ದರು.
ಮೆಷಿನ್ ನಿಲ್ಲಿಸಿ ಅಂತ ಸಹಿ ಹಾಕಿದ್ದು ನಾನೇ, ಮಂಗಳವಾರ.
ಡಾಕ್ಟರು ಹೇಳಿದ್ದರು,
ಅವಸರವಿಲ್ಲ, ಬೇಕಾದಷ್ಟು ದಿನ ತಗೊಳ್ಳಿ ಅಂತ."

ಹಿಂದೆ ಪ್ರಿಂಟರು ತಾನಾಗಿ
ಒಂದು ಖಾಲಿ ಹಾಳೆ ಉಗುಳಿತು.

ಇನ್ನೊಂದು ಫಾರಂ ಇತ್ತು, ಎಲ್ಲರದ್ದು,
ಸ್ವಂತ ಮನೆಯಲ್ಲಿ ತಾವೇ ಇರುವವರಿಗೆ
ಸಿಗುವಷ್ಟು ರಿಯಾಯಿತಿ.
ಅವಳ ಹೆಸರಿಗೆ ತುಂಬಿಕೊಟ್ಟೆ,
ದಪ್ಪ ಅಕ್ಷರದ ಸಾಲಿಗೆ ಬೆರಳಿಟ್ಟೆ:
ಇದೇ ನಿಮ್ಮ ಮುಖ್ಯ ವಾಸಸ್ಥಳವೆಂದು ಪ್ರಮಾಣ ಮಾಡುತ್ತೀರಾ?
"ಇನ್ನೆಲ್ಲಿಗೆ ಹೋಗಲಿ," ಎಂದಳು.
ದಾರ ಗಿಡ್ಡ. ಬಗ್ಗಿ ಸಹಿ ಹಾಕಬೇಕಾಯಿತು.

ಅರವತ್ತೊಂದು, ಎಂದು ಕೂಗಿದೆ.
ಯಾರೂ ಏಳಲಿಲ್ಲ.
ಒಂದು ನಿಮಿಷ ನನಗೂ ವಿನಾಯಿತಿ.

ರಾತ್ರಿ ಅನ್ನಕ್ಕೆ ಸಾರು ಬಡಿಸುತ್ತ
ಬೆರಳ ಗೆಣ್ಣಿನಲ್ಲಿ ಲೆಕ್ಕ ನಡೆದಿತ್ತು.
"ಏನೇ ಅದು?" ಎಂದ ತಿಮ್ಮೇಶ.
"ಇನ್ನೂ ಒಂಬತ್ತು ವರ್ಷ ನಾಲ್ಕು ತಿಂಗಳು
ನೀನು ಸಾಯಕೂಡದು."
ಅವನು ಕಲೆಸುವುದನ್ನು ನಿಲ್ಲಿಸಿದ.
"ಆಮೇಲೆ?"

ಉಪ್ಪಿನ ಡಬ್ಬಿಯನ್ನು
ಅವನ ಕಡೆ ಸರಿಸಿದೆ.