ಹೊಟ್ಟಿನ ಗೆರೆ

ಐದನೇ ಪಾಠ, ಹಿಮನದಿ.
ಪುಸ್ತಕದಲ್ಲಿ ಕಪ್ಪು-ಬಿಳುಪು ಚಿತ್ರ, ಅಚ್ಚಿನ ಮಸಿ ಮೆತ್ತಿಕೊಂಡು
ಮಲಗಿದ ಎಮ್ಮೆಯ ಬೆನ್ನಿನ ಹಾಗೆ.
‘ಇದು ನಿಧಾನವಾಗಿ ಚಲಿಸುತ್ತದೆ’ ಎಂದು ಓದಿದೆ.
ಹಿಂದಿನ ಸಾಲಿನಿಂದ ಕೇತಿ ಎದ್ದಳು:
“ಮಿಸ್ಸೇ, ನಡ್ಕಂಡ್ ಬತ್ತದಾ, ಬಸ್ಸಲ್ ಬತ್ತದಾ?”
ತಾಳವಾಡಿ ಶಾಲೆಯ ಇಪ್ಪತ್ಮೂರು ಮಕ್ಕಳು
ಗಂಟೆ ಹೊಡೆಯುವ ತನಕ ನಕ್ಕವು.
ನಾನೂ ನಕ್ಕೆ. ಆಮೇಲೆ ರಾತ್ರಿ,
ಪಾತ್ರೆ ತೊಳೆಯುತ್ತಾ, ನಾನೇನು ಕಂಡಿದ್ದೇನೆ ಅಂದುಕೊಂಡೆ.

ಅದಕ್ಕೇ ಸೋಮವಾರ ನಸುಕಿಗೆ
ಸತ್ಯಮಂಗಲದ ಐಸ್ ಕಾರ್ಖಾನೆಯಲ್ಲಿ ಅರ್ಧ ಗಡ್ಡೆ ಕೊಂಡು
ಭತ್ತದ ಹೊಟ್ಟು ಹೊದಿಸಿ, ಗೋಣಿ ಸುತ್ತಿ,
ಜಬ್ಬಾರಣ್ಣನ ಮೀನಿನ ವ್ಯಾನಿನಲ್ಲಿ
ಮತ್ತಿ, ಬಂಗುಡೆ, ಅಣೆಕಟ್ಟಿನ ಜಿಲೇಬಿ ಮೀನಿನ ಪಕ್ಕ ಮಲಗಿಸಿದೆ.
“ಎಷ್ಟು ಕಿಲೋ ಟೀಚರ್, ಹಿಮಾಲಯ?” ಅಂದ.
ನನಗೆ ಮುಂದಿನ ಸೀಟು. ಕಾಲಡಿ ತಕ್ಕಡಿ.

ಬಣ್ಣಾರಿಯ ಗೇಟು ದಾಟಿದರೆ ಘಟ್ಟ.
ಇಪ್ಪತ್ತೇಳರಲ್ಲಿ ಒಂದು ಎಂದು ಫಲಕ.
ಹಿಂದಿನಿಂದ ಟಪ್. ಟಪ್.
ಇಪ್ಪತ್ತೇಳರಲ್ಲಿ ನಾಲ್ಕು. ತಡೆಗೋಡೆಯ ಮೇಲೆ ಮುಸುವಗಳು
ಬಸ್ಸಿಗೆ ಕಾದ ನೆಂಟರಂತೆ, ಬಾಲ ಇಳಿಬಿಟ್ಟು.
ಇಪ್ಪತ್ತೇಳರಲ್ಲಿ ಒಂಬತ್ತು. ಕೆಳಗೆ ಭವಾನಿಸಾಗರ.
ಬೆಳ್ಳಿ ಅನ್ನಲಾರೆ. ಉಗುರಿನ ಬುಡದಲ್ಲಿ
ಒಂದು ಪುಟ್ಟ ಚಂದ್ರ ಇರುತ್ತದಲ್ಲ, ಆ ಬಣ್ಣ.
ಅದರ ಹೊಟ್ಟೆಯಲ್ಲೊಂದು ಮುಳುಗಿದ ಊರಿದೆ,
ಜಬ್ಬಾರಣ್ಣನ ಅಜ್ಜ ಅಲ್ಲಿ ಸಂತೆಗೆ ಹೋಗುತ್ತಿದ್ದನಂತೆ.
ಟಪ್ ಟಪ್ ಟಪ್.
“ನಿಮ್ಮ ಹಿಮಾಲಯ ಅಳ್ತಾ ಇದೆ.”

ಹದಿನಾಲ್ಕರಲ್ಲಿ ಬ್ರೇಕು.
“ದೊಡ್ಡವರು” ಎಂದ, ಪಿಸುದನಿಯಲ್ಲಿ.
ಎಂಜಿನ್ ಆರಿಸಿದ. ಬೀಡಿಯನ್ನೂ ಆರಿಸಿದ.
ತಿರುವಿನ ಕಿವಿಯಲ್ಲಿ ಓಲೆಯ ಹಾಗೆ ಹೆಣ್ಣಾನೆ,
ಕಾಲುಗಳ ನಡುವೆ ಮರಿ.
ಮೇಲೆ ಕೋಸಿನ ಲಾರಿ, ಅದರ ಹಿಂದೆ ಹಾಲಿನ ಗಾಡಿ,
ಅದರ ಹಿಂದೆ ಮದುವೆಗೆ ಹೊರಟ ಯಾರೋ, ಹೂವಿನ ಸಮೇತ.
ಯಾರೂ ಹಾರನ್ ಒತ್ತಲಿಲ್ಲ.
ಒಂಬತ್ತೂವರೆಗೆ ಪ್ರಾರ್ಥನೆ ಎಂದು ಆನೆಗೆ ಹೇಳುವವರಾರು?
ಬಿದಿರು ಮುರಿಯಿತು, ಮಣ್ಣು ಎರಚಿಕೊಂಡಿತು,
ನನ್ನ ಗಡಿಯಾರದ ಕಡೆ ಬೆನ್ನು ಹಾಕಿ ಉಚ್ಚೆ ಹೊಯ್ದಿತು.
ಮುಕ್ಕಾಲು ಗಂಟೆ.
ಹಿಂದೆ ಟಪಟಪ ನಿಂತು ಈಗ ಸಣ್ಣಗೆ ಹರಿಯುವ ಸದ್ದು.

ಆಮೇಲೆ ಏನನ್ನಿಸಿತೋ, ನಮ್ಮ ಪಕ್ಕದಲ್ಲೇ ಇಳಿಯಿತು.
ಕಿಟಕಿ ತುಂಬ ಚರ್ಮ, ಒಣಗಿದ ಕೆರೆಯ ತಳ.
ನಾನು ಉಸಿರು ಬಿಡಲಿಲ್ಲ, ಮೀನು ವಾಸನೆ ಬಿಟ್ಟಿತು.
ಕನ್ನಡಿಯಲ್ಲಿ ನೋಡಿದೆವು:
ರಸ್ತೆಯ ಮೇಲೆ ಉದ್ದಕ್ಕೆ ಹರಿದ ಒದ್ದೆ ಗೆರೆ,
ಮೀನಿನ ಉಪ್ಪು ಕದಡಿದ ತಣ್ಣೀರು.
ಮರಿ ಸೊಂಡಿಲು ಇಟ್ಟಿತು. ಬೆಚ್ಚಿ ತೆಗೆಯಿತು.
ಮತ್ತೆ ಇಟ್ಟಿತು.
ತಾಯಿ ನಿಂತು ಕಾದಳು,
ಮಿಠಾಯಿ ಅಂಗಡಿ ಮುಂದೆ ತಾಯಂದಿರು ನಿಲ್ಲುವ ಹಾಗೆ,
ಬೇರೆಲ್ಲೋ ನೋಡುತ್ತಾ.

ದಿಂಬಂನಲ್ಲಿ ಚಳಿ. ಹಾಸನೂರಿನಲ್ಲಿ ಚಹಾ ಕುಡಿಯಲಿಲ್ಲ.
ಶಾಲೆಯ ಮುಂದೆ ಗೋಣಿ ಎತ್ತಿದಾಗ
ಹಗುರಕ್ಕೆ ನಾನೇ ಮುಗ್ಗರಿಸಿದೆ.

ಮೇಜಿನ ಮೇಲಿಟ್ಟದ್ದು ಒಂದು ಬೆಲ್ಲದಚ್ಚಿನಷ್ಟು.
ಕೇತಿ ಮುಟ್ಟಿ ಕೈ ಕಿತ್ತುಕೊಂಡಳು. “ಸುಡ್ತದೆ ಮಿಸ್ಸೇ!”
ಒಬ್ಬೊಬ್ಬರಾಗಿ ಸುಟ್ಟುಕೊಂಡರು, ಇಪ್ಪತ್ಮೂರೂ.
ಹಾಜರಿ ಮುಗಿಯುವಷ್ಟರಲ್ಲಿ ನೀರು,
ನೀರು ಮೇಜಿನ ಸಂದಿನಲ್ಲಿ ಇಳಿದು, ಆಮೇಲೆ
ಬಾಗಿದ ಒಂದು ಗೆರೆ: ಹೊಟ್ಟು, ಗೋಣಿಯ ನಾರು,
ಹೊಳೆಯುವ ಒಂದೇ ಒಂದು ಮೀನಿನ ಹುರುಪೆ.
‘ಹೊತ್ತು ತಂದದ್ದನ್ನು ಅಂಚಿನಲ್ಲಿ ಬಿಟ್ಟು ಹಿಂದೆ ಸರಿಯುತ್ತದೆ’,
ಪರೀಕ್ಷೆಗೆ ಬರುವುದಿಲ್ಲ ಎಂದು
ಪ್ರತಿ ವರ್ಷ ನಾನು ಬಿಟ್ಟುಬಿಡುತ್ತಿದ್ದ ಸಾಲು.

“ಮಿಕ್ಕಿದ್ದೆಲ್ಲೋಯ್ತು ಮಿಸ್ಸೇ?”
ಹದಿನಾಲ್ಕನೇ ತಿರುವಿನಲ್ಲಿ ಆನೆಮರಿ ಕುಡೀತು ಅಂದೆ.
ಈ ಸಲ ಯಾರೂ ನಗಲಿಲ್ಲ.
ಕೇತಿ ಬರೆದುಕೊಂಡಳು.