ಹದಿನಾಲ್ಕನೇ ಅಂಗಿ

ಮೊದಲ ದಿನ ಇಪ್ಪತ್ತೆರಡು ಅಂಗಿ ಬಂದವು,
ಗಂಡಸರ ತಂಡ ಉಟ್ಟು ಬಿಟ್ಟದ್ದು.
ಬೆನ್ನಿನ ಹೆಸರುಗಳನ್ನು ಇಸ್ತ್ರಿಯ ಬಿಸಿಗೆ ಸುಲಿದೆ,
ಅಂಟು ಹೋಗಲಿಲ್ಲ:
ಬೆಳಕಿಗೆ ಹಿಡಿದರೆ ಒಂಬತ್ತರಲ್ಲಿ ಯಾರೋ ಬುಸ್ತೋಸ್,
ಹದಿನಾಲ್ಕರಲ್ಲಿ ಯಾರೋ ಸೆಪುಲ್ವೆದಾ.
ಹುಡುಗಿಯರು ತೊಟ್ಟರೆ ತೋಳು ಮೊಣಕೈ ದಾಟಿ ಜೋಲುತ್ತಿತ್ತು.
ಹೊಲಿಗೆ ಬಿಚ್ಚಿದೆ, ಮಡಿಚಿದೆ, ಮತ್ತೆ ಹೊಲಿದೆ.
ನನ್ನ ಕರಾರಿನಲ್ಲಿ ಆ ಕೆಲಸ ಬರೆದಿರಲಿಲ್ಲ.

ತಾಲ್ಕಾವಾನೋ ಬಂದರಿನಲ್ಲಿ ಎಲ್ಲಕ್ಕೂ ಮೀನಿನ ವಾಸನೆ,
ಸಂಬಳದ ನೋಟಿಗೂ.
ಗೋಲ್‌ಕೀಪರ್ ದಾಮಾರಿಸ್ ಹನ್ನೊಂದು ವರ್ಷ
ಡಬ್ಬಿ ಕಾರ್ಖಾನೆಯಲ್ಲಿ ಸಾರ್ಡೀನಿನ ತಲೆ ತರಿದವಳು.
ಸಹಿಯ ದಿನ ಗುಮಾಸ್ತ ಕೇಳಿದ:
ವೃತ್ತಿ ಎಂಬಲ್ಲಿ ಏನು ಬರೆಯಲಿ?
ಅವಳು ತನ್ನ ಕೈ ನೋಡಿಕೊಂಡಳು.
ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು.
ಮೂರನೇ ಸಲ ಹೇಳಿದ್ದು
ಗೋಡೆಯಾಚೆ ನನ್ನ ಯಂತ್ರದ ಗದ್ದಲವನ್ನೂ ದಾಟಿ ಬಂತು.

ಆಮೇಲೆ ಸೋತೆವು.
ರಾಜಧಾನಿಯಲ್ಲಿ ಏಳು-ಸೊನ್ನೆ.
ಅಲ್ಲಿನ ಹುಲ್ಲು ಎಷ್ಟು ನುಣ್ಣಗೆಂದರೆ
ಅಂಗಿಗಳಿಗೆ ಕೊಳೆಯೇ ಹತ್ತಿರಲಿಲ್ಲ,
ಸೋಲೆಲ್ಲ ಬೆವರಿನಲ್ಲಿತ್ತು.
ಹಿಂದಿರುಗಲು ಏಳು ಗಂಟೆಯ ಬಸ್ಸು.
ಗಂಟೆಗೊಂದು ಗೋಲು ಎಂದಳು ಯಾಸ್ನಾ, ಯಾರೂ ನಗಲಿಲ್ಲ.
ಚಿಲ್ಲಾನ್ ದಾಟಿದ ಮೇಲೆ, ಕತ್ತಲಲ್ಲಿ,
ಯಾರೋ ಒಬ್ಬಳು ಶುರುಮಾಡಿ ಬಸ್ಸಿಗೆ ಬಸ್ಸೇ ನಕ್ಕಿತು.

ನನಗೆ ಆಟ ತಿಳಿಯದು.
ಆಫ್‌ಸೈಡ್ ಎಂದರೇನೆಂದು ಮೂವರು ಹೇಳಿಕೊಟ್ಟರು,
ಮೂರು ಥರ.
ನನಗೆ ಬರುವ ಕಲೆ ಒಂದೇ, ಕಲೆ ತೆಗೆಯುವುದು.
ಕಾಲರಿನಲ್ಲಿ ಹಲ್ಲಿನ ಗುರುತಿದ್ದರೆ ಯಾಸ್ನಾ,
ಪೆನಾಲ್ಟಿಯ ಹೊತ್ತಿಗೆ ಅಂಗಿ ಕಚ್ಚುತ್ತಾಳೆ.
ಒಳಮಗ್ಗುಲಲ್ಲಿ ಹಾಲಿದ್ದರೆ ಮಾಕರೆನಾ,
ಕೂಸಿಗೆ ಐದು ತಿಂಗಳು,
ದ್ವಿತೀಯಾರ್ಧ ಅದರ ಹಸಿವಿಗೆ ಕಾಯುವುದಿಲ್ಲ.
ಹದಿನಾಲ್ಕು ಮಾತ್ರ ಏನೂ ಹೇಳುತ್ತಿರಲಿಲ್ಲ.
ನಾಯಾರೆತ್ ವೆಂಚುಲ್, ಹತ್ತೊಂಬತ್ತು ವರ್ಷ, ಬೆಂಚಿನ ತುದಿ.
ಜಾಕೆಟ್ಟಿನೊಳಗೇ ಇದ್ದು
ಮಡಿಕೆ ಮುರಿಯದೆ ಬರುತ್ತಿತ್ತು.
ತೊಳೆಯದಿದ್ದರೂ ನಡೆಯುತ್ತಿತ್ತು.
ಎಲ್ಲದರ ಜೊತೆಗೇ ಹಾಕಿದೆ,
ಉಳಿದವರ ಮಣ್ಣು ಒಂದಿಷ್ಟು ಅದಕ್ಕೂ ತಾಗಲೆಂದು.

ಜುಲೈಯಲ್ಲಿ ಬಡಗಣ ಗಾಳಿ ಮಳೆ ತಂದಿತು.
ಚಾವಣಿಯಿಲ್ಲದ ಗ್ಯಾಲರಿಯಲ್ಲಿ ನಲವತ್ತೊಂದು ಜನ,
ಎಣಿಸಿದ್ದು ನಾನೇ, ಟವಲು ಹಂಚಬೇಕಿತ್ತಲ್ಲ.
ರಾತ್ರಿಪಾಳಿ ಮುಗಿಸಿ ಬಿಳಿ ಬೂಟಿನಲ್ಲೇ ಬಂದ ಹೆಂಗಸರು
ನಮ್ಮ ದಾಮಾರಿಸ್, ನಮ್ಮ ದಾಮಾರಿಸ್ ಎಂದು ಬಾಣಲೆ ಬಡಿದರು.
ಅಂದು ಒಂದು-ಒಂದು.
ನಮ್ಮ ಗೋಲು ನಾವು ಹೊಡೆದದ್ದಲ್ಲ,
ಅವರವಳದೇ ಹಿಮ್ಮಡಿಗೆ ತಾಗಿ
ಕೆಸರಿನಲ್ಲಿ ತೆವಳಿ ಒಳಗೆ ಹೋದದ್ದು.
ಇರಲಿ. ಕಡ ತಂದ ಬೆಂಕಿಯಲ್ಲೂ ಸಾರು ಕುದಿಯುತ್ತದೆ.

ಆಗಸ್ಟಿನಲ್ಲಿ ಸಂಬಳ ಹದಿನೆಂಟು ದಿನ ತಡ.
ದಾಮಾರಿಸ್ ಕಾರ್ಖಾನೆಯ ಗೇಟಿನ ತನಕ ಹೋದದ್ದು ಕಂಡೆ.
ಒಳಗೆ ಹೋದಳೋ ಇಲ್ಲವೋ, ಕೇಳಲಿಲ್ಲ.
ಆ ವಾರದ ಕೈಗವಸಿನಲ್ಲಿ
ಮೀನಿನ ಹುರುಪೆ ಎರಡು.

ನವೆಂಬರ್, ಕೊನೆಯ ಪಂದ್ಯ, ಎಂಬತ್ತಾರನೇ ನಿಮಿಷ.
ಎರಡು-ಸೊನ್ನೆ. ಎರಡು ನಮ್ಮದಲ್ಲ.
ಹಲಗೆಯ ಮೇಲೆ ಹಸಿರು ದೀಪದಲ್ಲಿ ಹದಿನಾಲ್ಕು.
ನಾಯಾರೆತ್ ಜಾಕೆಟ್ಟು ಬಿಚ್ಚಿ
ಯಾರಿಗೆ ಕೊಡುವುದೆಂದು ತಿಳಿಯದೆ ನನ್ನತ್ತ ಎಸೆದಳು.
ಬೆಚ್ಚಗಿತ್ತು.
ಚೆಂಡು ಮುಟ್ಟಿದ್ದು ಮೂರು ಸಲ.
ಮೂರನೆಯದಕ್ಕೆ
ಎದುರಾಳಿಯ ಓಟವನ್ನೆಲ್ಲ ತನ್ನ ಪಕ್ಕೆಗೆ ತೆಗೆದುಕೊಂಡು
ನೆಲದುದ್ದ ಜಾರಿದಳು, ಚೆಂಡಿನೊಂದಿಗೆ ಎದ್ದಳು.
ಸೀಟಿ. ಪಟ್ಟಿಯ ತಳದಲ್ಲಿ ನಾವು.

ರಾತ್ರಿ ಬುಟ್ಟಿ ಬೋರಲು ಹಾಕಿದೆ.
ಸೊಂಟದಿಂದ ಕಂಕುಳವರೆಗೆ ಹಸಿರು.
ಹಾಗೇ ಇಡಬಹುದಿತ್ತು. ಇಡಲಿಲ್ಲ.
ಹುಲ್ಲಿನ ಕಲೆಗೆ ತಣ್ಣೀರು, ವಿನೆಗರ್, ಆಮೇಲೆ ಸೋಪು.
ಅರ್ಧ ಗಂಟೆ ಉಜ್ಜಿದೆ, ಮಾರ್ಚಿಗೆ ಬೇಕಲ್ಲ ಅಂಗಿ.
ಹೋಯಿತು, ಬಹುಪಾಲು.
ಬಂದರಿನಲ್ಲಿ ಕಡಲಸಿಂಹಗಳು ಒಂದಕ್ಕೊಂದು ಬೈದುಕೊಳ್ಳುತ್ತಿದ್ದವು.
ತಂತಿಗೆ ಹಾಕುವ ಮುನ್ನ ಬೆನ್ನನ್ನು ದೀಪಕ್ಕೆ ಹಿಡಿದೆ:
ಸೆಪುಲ್ವೆದಾನದು
‘ಸೆ’ ಮಾತ್ರ ಉಳಿದಿತ್ತು.